ಹಳೇ ಲಾರಿ ನೀರು ಕುಡಿಯುತ್ತಿದೆ, ನೆಲದಲ್ಲಿ ಒಂದು ಹನಿಯೂ ಇಲ್ಲ. ಹೆಡ್ ಇಳಿಸಲೇಬೇಕಾ?

ಆರುಚಕ್ರ

ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಲಾರಿ. ಆರು ಸಿಲಿಂಡರ್ ಡೀಸೆಲ್ ಇಂಜಿನ್, ಟರ್ಬೊ ಇದೆ, ಏರ್ ಬ್ರೇಕ್. ಇಜಿಆರ್ (ಹೊಗೆಯ ಒಂದು ಪಾಲನ್ನು ಕೂಲರ್ ಮೂಲಕ ತಣ್ಣಗೆ ಮಾಡಿ ಮತ್ತೆ ಇಂಜಿನ್‌ಗೆ ಕಳಿಸುವ ವ್ಯವಸ್ಥೆ) ಬರುವುದಕ್ಕಿಂತ ಮುಂಚಿನ ಗಾಡಿ, ಹಾಗಾಗಿ ಆ ಕೂಲರ್ ಸೋರುವ ಮಾತೇ ಇಲ್ಲ.

ಇತ್ತೀಚೆಗೆ ಗಾಡಿ ನೀರು ಕುಡಿಯುತ್ತಿದೆ. ಲೋಡ್ ಹಾಕಿಕೊಂಡು ಹೋಗಿ ಬಂದರೆ ರೇಡಿಯೇಟರ್‌ನಲ್ಲಿ ಕೂಲೆಂಟ್ ಕಮ್ಮಿ ಆಗಿರುತ್ತದೆ. ನಿಲ್ಲಿಸಿದ ಜಾಗದಲ್ಲಿ ನೆಲ ಮಾತ್ರ ಒಣಗಿಯೇ ಇರುತ್ತದೆ. ಟೆಂಪರೇಚರ್ ಮುಳ್ಳು ಸಾಮಾನ್ಯವಾಗಿ ಮಧ್ಯದಲ್ಲಿ ನಿಲ್ಲುತ್ತದೆ. ಏರು ಹತ್ತುವಾಗ ಮಾತ್ರ ಒಮ್ಮೊಮ್ಮೆ ಮೇಲಕ್ಕೆ ಹಾರಿ ಮತ್ತೆ ಇಳಿಯುತ್ತದೆ. ಇಂಜಿನ್ ಆಯಿಲ್ ಬಣ್ಣ ಸರಿಯಾಗಿದೆ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಇಲ್ಲ.

ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ಗುಳ್ಳೆ ಬರುತ್ತದೆ. ಅದನ್ನು ನೋಡಿ ಗ್ಯಾರೇಜಿನವರು ‘ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಬೇಕು’ ಎಂದರು. ಹೆಡ್ ಅಂದರೆ ಸಿಲಿಂಡರ್‌ಗಳ ಮೇಲೆ ಕೂರುವ ಭಾಗ, ಗ್ಯಾಸ್ಕೆಟ್ ಅಂದರೆ ಅದಕ್ಕೂ ಇಂಜಿನ್ ಬ್ಲಾಕ್‌ಗೂ ನಡುವಿನ ಸೀಲ್. ಅಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕುವ ಮುಂಚೆ ಇನ್ನೇನು ನೋಡಬಹುದು ಹೇಳಿ.

ಟಾಪ್‌ಗೇರ್

ಗುಳ್ಳೆ ಬಂತು ಅಂದರೆ ಹೆಡ್ ಗ್ಯಾಸ್ಕೆಟ್ಟೇ ಸರ್. ತಡ ಮಾಡಬೇಡಿ. ಹಾಗೇ ಓಡಿಸಿದರೆ ಹೆಡ್ಡೇ ಬೆಂಡ್ ಆಗುತ್ತದೆ.

ಸ್ಪ್ಯಾನರ್14

ಸ್ವಲ್ಪ ತಾಳಿ. ಗುಳ್ಳೆ ಹೇಳುವುದು ಒಂದೇ ಮಾತು: ನೀರಿನ ದಾರಿಯೊಳಗೆ ಎಲ್ಲಿಂದಲೋ ಗಾಳಿ ಬರುತ್ತಿದೆ. ಅದು ಹೆಡ್ ಗ್ಯಾಸ್ಕೆಟ್‌ನಿಂದಲೇ ಬರುತ್ತಿದೆ ಎಂದು ಅದು ಹೇಳುವುದಿಲ್ಲ. ಕೂಲೆಂಟ್ ತುಂಬಿ ಬ್ಲೀಡ್ ಮಾಡದೇ, ಅಂದರೆ ಒಳಗಿನ ಗಾಳಿ ಹೊರಗೆ ಹಾಕದೇ ಬಿಟ್ಟರೂ ಮೊದಮೊದಲು ಗುಳ್ಳೆ ಬರುತ್ತದೆ. ವಾಟರ್ ಪಂಪ್ ನೀರು ಎಳೆಯುವ ಕಡೆ, ಅಂದರೆ ಕೆಳಗಿನ ಹೋಸ್ ಕ್ಲಿಪ್ ಸಡಿಲ ಇದ್ದರೆ, ಅಲ್ಲಿ ಹನಿ ಬೀಳದೆಯೇ ಗಾಳಿ ಒಳಗೆ ಹೋಗಬಹುದು.

ಮೊದಲು ಹೊರಗೆ ಸೋರುತ್ತಿದೆಯಾ, ಒಳಗೆ ಸೋರುತ್ತಿದೆಯಾ ಎಂದು ಗೊತ್ತಾಗಬೇಕು. ಅದಕ್ಕೆ ಪ್ರೆಶರ್ ಟೆಸ್ಟರ್ ಬೇಕು. ರೇಡಿಯೇಟರ್ ಬಾಯಿಗೆ ಕೂರಿಸಿ ಕೈಯಲ್ಲಿ ಪಂಪ್ ಮಾಡುವ, ಗೇಜ್ ಇರುವ ಸಣ್ಣ ಸಾಧನ ಅದು. ಇಂಜಿನ್ ಪೂರ್ತಿ ತಣ್ಣಗಿರಲಿ. ಕೂಲೆಂಟ್ ತುಂಬಿಸಿ. ಮುಚ್ಚಳದ ಮೇಲೆ ಬರೆದಿರುವ ಪ್ರೆಶರ್‌ವರೆಗೆ ಮಾತ್ರ ಪಂಪ್ ಮಾಡಿ. ಹಳೇ ಗಾಡಿಗಳಲ್ಲಿ ಅದು 7 ಪಿಎಸ್‌ಐ ಇರಬಹುದು, 15 ಪಿಎಸ್‌ಐ ಇರಬಹುದು. 7ರ ಸಿಸ್ಟಮ್‌ಗೆ 15 ಕೊಟ್ಟರೆ ಚೆನ್ನಾಗಿದ್ದ ರೇಡಿಯೇಟರ್ ಬೆಸುಗೆಯೂ ಬಿಟ್ಟುಕೊಳ್ಳುತ್ತದೆ.

ಪಂಪ್ ಮಾಡಿ 20 ನಿಮಿಷ ಬಿಡಿ. ಮುಳ್ಳು ಅಲ್ಲಾಡದಿದ್ದರೆ ತಣ್ಣಗಿದ್ದಾಗ ಸೋರಿಕೆ ಇಲ್ಲ ಎಂದರ್ಥ. ಇಳಿದರೆ ಟಾರ್ಚ್ ಹಿಡಿದು ಹುಡುಕಿ. ಹುಡುಕುವಾಗ ಒಂದು ವಿಷಯ ನೆನಪಿರಲಿ. ನೀರು ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ. ಥರ್ಮೋಸ್ಟ್ಯಾಟ್ ಹೌಸಿಂಗ್‌ನಲ್ಲಿ ಸೋರಿದ್ದು ಬ್ಲಾಕ್ ಮೇಲೆ ಹರಿದು ಸಂಪ್ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ಅಂಚಿನಿಂದ ಬೀಳುತ್ತದೆ. ಓಡುತ್ತಿದ್ದರೆ ಫ್ಯಾನ್ ಗಾಳಿ ಅದನ್ನು ಹಿಂದಕ್ಕೆ ಎರಚುತ್ತದೆ. ಒದ್ದೆ ಎಲ್ಲಿಂದ ಶುರುವಾಗಿದೆಯೋ ಆ ಎಲ್ಲಕ್ಕಿಂತ ಮೇಲಿನ ಜಾಗವನ್ನು ಹುಡುಕಿ.

ವಾಟರ್ ಪಂಪ್ ಕೆಳಭಾಗದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಹೋದರೆ ನೀರು ಹೊರಬರಲಿ ಎಂದೇ ಅದನ್ನು ಬಿಟ್ಟಿರುತ್ತಾರೆ. ಅದರ ಕೆಳಗೆ ಕೂಲೆಂಟ್ ಬಣ್ಣದ ಪುಡಿ ಗಟ್ಟಿ ಅಂಟಿಕೊಂಡಿದ್ದರೆ ಪಂಪ್ ಸೋರುತ್ತಿದೆ ಎಂದೇ ತಿಳಿಯಿರಿ, ಆ ಹೊತ್ತಿಗೆ ಒಣಗಿದ್ದರೂ ಸರಿ.

ಹಸಿರುದೀಪ

ಮುಚ್ಚಳವನ್ನೂ ಟೆಸ್ಟ್ ಮಾಡಿಸಿ. ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದರಲ್ಲಿ ಎರಡು ವಾಲ್ವ್ ಇರುತ್ತವೆ. ದೊಡ್ಡದು ಪ್ರೆಶರ್ ಹಿಡಿದಿಡುತ್ತದೆ. ಮಧ್ಯದ ಸಣ್ಣದು ಇಂಜಿನ್ ತಣ್ಣಗಾಗುವಾಗ, ರೇಡಿಯೇಟರ್‌ಗೆ ಪೈಪ್‌ನಿಂದ ಜೋಡಿಸಿದ ಕೂಲೆಂಟ್ ಬಾಟಲಿಯಿಂದ ಕೂಲೆಂಟನ್ನು ವಾಪಸ್ ಎಳೆದುಕೊಳ್ಳಲು ಬಿಡುತ್ತದೆ. ಸಣ್ಣ ವಾಲ್ವ್ ಅಂಟಿಕೊಂಡರೆ ಬಾಟಲಿ ತುಂಬುತ್ತಾ ಹೋಗುತ್ತದೆ, ರೇಡಿಯೇಟರ್ ಖಾಲಿ ಆಗುತ್ತಾ ಹೋಗುತ್ತದೆ. ನೋಡಿದವರಿಗೆ ಸೋರಿಕೆ ಥರಾನೇ ಕಾಣುತ್ತದೆ.

ದೊಡ್ಡ ವಾಲ್ವ್ ಸ್ಪ್ರಿಂಗ್ ಸೋತರೆ ಇನ್ನೊಂದು ತೊಂದರೆ. 15 ಪಿಎಸ್‌ಐ ಪ್ರೆಶರ್‌ನಲ್ಲಿ ಬರೀ ನೀರು ಕೂಡ ಸುಮಾರು 120 ಡಿಗ್ರಿವರೆಗೆ ಕುದಿಯುವುದಿಲ್ಲ. ಪ್ರೆಶರ್ ಹಿಡಿಯದಿದ್ದರೆ 100ಕ್ಕೇ ಕುದಿಯಲು ಶುರು.

ಆರುಚಕ್ರ

ತುಂಬಾ ಥ್ಯಾಂಕ್ಸ್. ಬಾಟಲಿ ವಿಷಯ ಕೇಳಿದ್ದು ಒಳ್ಳೆಯದಾಯಿತು. ಓಡಿಸಿ ಬಂದಾಗ ಬಾಟಲಿ ಕಂಠದವರೆಗೆ ತುಂಬಿರುತ್ತದೆ. ಅದರ ಓವರ್‌ಫ್ಲೋ ಪೈಪ್ ತುದಿ ಒದ್ದೆ ಇರುತ್ತದೆ, ಹತ್ತಿರದ ಚಾಸಿ ಮೇಲೆ ಬಣ್ಣದ ಕಲೆ ಇದೆ. ಟೆಸ್ಟರ್ ಬಾಡಿಗೆಗೆ ಸಿಗುತ್ತದೆ, ತಂದು ನೋಡಿ ಹೇಳುತ್ತೇನೆ.

ಟಾಪ್‌ಗೇರ್

ನೋಡಿ, ಓವರ್‌ಫ್ಲೋ ಆಗುತ್ತಿದೆ ಅಂದರೆ ಒಳಗಿನಿಂದ ಏನೋ ತಳ್ಳುತ್ತಿದೆ ಅಂತ ಅಲ್ವಾ? ಕಂಪ್ರೆಷನ್ ಗ್ಯಾಸ್ ಬಿಟ್ಟರೆ ಇನ್ನೇನು ತಳ್ಳುತ್ತದೆ?

ಗಾಳಿಬ್ರೇಕ್

ಟಾಪ್‌ಗೇರ್ ಅವರ ಪ್ರಶ್ನೆ ಸರಿಯಾಗಿದೆ. ಒಳಗಿನಿಂದ ಏನೋ ತಳ್ಳುತ್ತಿದೆ, ನಿಜ. ಆದರೆ ಏರ್ ಬ್ರೇಕ್ ಇರುವ ಗಾಡಿಯಲ್ಲಿ ಗಾಳಿಯನ್ನು ಒತ್ತುವ ಇನ್ನೊಂದು ಸಾಮಾನು ಇದೆ. ಅದೇ ಏರ್ ಕಂಪ್ರೆಸರ್. ಬಹಳಷ್ಟು ಲಾರಿಗಳಲ್ಲಿ ಅದರ ಹೆಡ್ ತಣ್ಣಗಾಗುವುದು ಇಂಜಿನ್ ಕೂಲೆಂಟ್‌ನಿಂದಲೇ. ಎರಡು ಸಣ್ಣ ಪೈಪ್ ಅದಕ್ಕೆ ಹೋಗಿ ಬರುತ್ತವೆ. ಕಂಪ್ರೆಸರ್ ಹೆಡ್ ಗ್ಯಾಸ್ಕೆಟ್ ಹೋದರೆ ಅಥವಾ ಹೆಡ್‌ನಲ್ಲಿ ಕ್ರ್ಯಾಕ್ ಬಿಟ್ಟರೆ ಬ್ರೇಕ್‌ಗೆ ಹೋಗಬೇಕಾದ ಗಾಳಿ ಕೂಲೆಂಟ್‌ಗೆ ನುಗ್ಗುತ್ತದೆ. ಬ್ರೇಕ್ ಟ್ಯಾಂಕ್ ತುಂಬುವ ಹೊತ್ತಿಗೆ ಆ ಗಾಳಿ 8 ಬಾರ್ ಹತ್ತಿರ ಇರುತ್ತದೆ. ರೇಡಿಯೇಟರ್ ಮುಚ್ಚಳ ತಡೆಯುವುದು 1 ಬಾರ್ (ಸುಮಾರು 15 ಪಿಎಸ್‌ಐ) ಅಷ್ಟೇ. ಉಳಿದದ್ದು ಮುಚ್ಚಳ ಎತ್ತಿಕೊಂಡು ಬಾಟಲಿಗೆ, ಬಾಟಲಿಯಿಂದ ರಸ್ತೆಗೆ. ಓಡುವಾಗ ರಸ್ತೆಯಲ್ಲಿ ಚೆಲ್ಲಿ ಹೋಗುವುದರಿಂದ ನಿಂತ ಜಾಗ ಒಣಗಿರುತ್ತದೆ.

ಏರಿನಲ್ಲಿ ಮುಳ್ಳು ಹಾರುವುದಕ್ಕೂ ಇದೇ ಕಾರಣ ಇರಬಹುದು. ಗಾಳಿಯ ಗುಳ್ಳೆ ಸೆನ್ಸರ್ ಹತ್ತಿರ ಬಂದಾಗ ಗೇಜ್ ಹುಚ್ಚುಹುಚ್ಚಾಗಿ ಆಡುತ್ತದೆ.

ನೋಡುವ ವಿಧಾನ ಸುಲಭ, ಏನನ್ನೂ ಬಿಚ್ಚಬೇಕಾಗಿಲ್ಲ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ, ಇದನ್ನು ಬಿಡಬೇಡಿ. ಇಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಒಬ್ಬರು ರೇಡಿಯೇಟರ್ ಬಾಯಿ ನೋಡುತ್ತಿರಲಿ, ಒಬ್ಬರು ಕ್ಯಾಬಿನ್‌ನಲ್ಲಿ ಏರ್ ಗೇಜ್ ನೋಡುತ್ತಿರಲಿ. ಏರ್ ಏರುತ್ತಿರುವಾಗ ಗುಳ್ಳೆ ಬರುತ್ತಾ, ಟ್ಯಾಂಕ್ ತುಂಬಿ ಗವರ್ನರ್ (ಟ್ಯಾಂಕ್ ತುಂಬಿದಾಗ ಕಂಪ್ರೆಸರ್ ಗಾಳಿ ಒತ್ತುವುದನ್ನು ನಿಲ್ಲಿಸುವ ಸಾಮಾನು) ಕಟ್ ಆದ ಕೂಡಲೇ ಗುಳ್ಳೆ ನಿಂತರೆ ಅಥವಾ ತೀರಾ ಕಮ್ಮಿ ಆದರೆ, ಕೈ ತೋರಿಸಬೇಕಾದ್ದು ಕಂಪ್ರೆಸರ್ ಕಡೆಗೆ. ಬ್ರೇಕ್ ಪೆಡಲ್ ನಾಲ್ಕಾರು ಸಲ ಒತ್ತಿ ಏರ್ ಇಳಿಸಿ. ಕಂಪ್ರೆಸರ್ ಮತ್ತೆ ಲೋಡ್‌ಗೆ ಬಂದಾಗ ಗುಳ್ಳೆಯೂ ಮತ್ತೆ ಬರಬೇಕು. ಇಂಜಿನ್ ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಏರ್ ಗೇಜ್ ಎಷ್ಟಿದ್ದರೂ ಗುಳ್ಳೆ ಒಂದೇ ಥರ ಬರುತ್ತಿರುತ್ತದೆ.

ಇನ್ನೊಂದು. ಏರ್ ಟ್ಯಾಂಕ್‌ಗಳ ಡ್ರೈನ್ ಕಾಕ್ ತೆಗೆದು ಬಿಳಿ ಬಟ್ಟೆ ಹಿಡಿಯಿರಿ. ಬರೀ ನೀರು, ಸ್ವಲ್ಪ ಆಯಿಲ್ ಬರುವುದು ಹಳೇ ಗಾಡಿಯಲ್ಲಿ ಸಹಜ. ಕೂಲೆಂಟ್ ಬಣ್ಣ ಬಂದರೆ ಬೇರೆ ಸಾಕ್ಷಿ ಬೇಡ.

ಆರುಚಕ್ರ

ಇದು ನನಗೆ ಹೊಸ ವಿಷಯ. ಒಂದು ಅನುಮಾನ. ಗಾಳಿ ಕೂಲೆಂಟ್‌ಗೆ ಹೋಗುತ್ತದೆ, ಸರಿ. ಕೂಲೆಂಟ್ ಏರ್ ಟ್ಯಾಂಕ್‌ಗೆ ಹೇಗೆ ಹೋಗುತ್ತದೆ? ಗಾಳಿಯ ಪ್ರೆಶರ್ ಜಾಸ್ತಿ ಅಲ್ವಾ?

ಗಾಳಿಬ್ರೇಕ್

ಕಂಪ್ರೆಸರ್ ಒತ್ತುವಾಗ ಗಾಳಿಯ ಕೈ ಮೇಲೆ. ಆದರೆ ಅದೇ ಪಿಸ್ಟನ್ ಕೆಳಗೆ ಇಳಿದು ಗಾಳಿ ಎಳೆದುಕೊಳ್ಳುವಾಗ, ಗವರ್ನರ್ ಕಟ್ ಆಗಿ ಖಾಲಿ ಓಡುವಾಗ, ಬಿಸಿ ಇಂಜಿನ್ ಆಫ್ ಮಾಡಿ ನಿಲ್ಲಿಸಿದಾಗ ಸಿಲಿಂಡರ್‌ನಲ್ಲಿ ಪ್ರೆಶರ್ ಇರುವುದಿಲ್ಲ. ಆಗ ಕೂಲೆಂಟ್ ಕೈ ಮೇಲಾಗುತ್ತದೆ. ಅದೇ ಬಿರುಕಿನಿಂದ ಕಂಪ್ರೆಸರ್ ಒಳಗೆ ಇಳಿಯುತ್ತದೆ. ಮುಂದಿನ ಸಲ ಒತ್ತಿದಾಗ ಗಾಳಿಯ ಜೊತೆ ಟ್ಯಾಂಕ್ ಸೇರುತ್ತದೆ.

ಸ್ಪ್ಯಾನರ್14

ಗಾಳಿಬ್ರೇಕ್ ಹೇಳಿದ ಟೆಸ್ಟ್ ಮೊದಲು ಮಾಡಿ. ಸಾಧನ ಸಿಕ್ಕರೆ ಗ್ಯಾಸ್ ಟೆಸ್ಟ್ ಕೂಡ ಮಾಡಬಹುದು. ರೇಡಿಯೇಟರ್ ಬಾಯಿಗೆ ಒಂದು ಗಾಜಿನ ನಳಿಕೆ ಇಟ್ಟು, ಅಲ್ಲಿಂದ ಬರುವ ಆವಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ. ಉರಿದ ಗ್ಯಾಸ್‌ನಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದರಿಂದ ಬಣ್ಣ ಹಳದಿ ಕಡೆಗೆ ತಿರುಗುತ್ತದೆ. ಕಂಪ್ರೆಸರ್ ಗಾಳಿ ನಾವು ಉಸಿರಾಡುವ ಗಾಳಿಯೇ, ಹಾಗಾಗಿ ನೀಲಿ ನೀಲಿಯಾಗಿಯೇ ಉಳಿಯುತ್ತದೆ.

ಡೀಸೆಲ್‌ನಲ್ಲಿ ಒಂದು ಎಚ್ಚರಿಕೆ. ಐಡಲ್‌ನಲ್ಲಿ ಡೀಸೆಲ್ ಇಂಜಿನ್ ಎಳೆಯುವ ಗಾಳಿ ಜಾಸ್ತಿ, ಉರಿಯುವ ಇಂಧನ ಕಮ್ಮಿ. ಬಣ್ಣ ಬೇಗ ಬದಲಾಗುವುದಿಲ್ಲ. ಲೋಡ್‌ನಲ್ಲಿ ಓಡಿಸಿ ಬಂದು, ತಣ್ಣಗಾಗಲು ಬಿಟ್ಟು, ಆಮೇಲೆ ಮುಚ್ಚಳ ತೆಗೆದು, ರೇಸ್ ಕೊಟ್ಟು ಹಿಡಿದು ನೋಡಿದರೆ ಉತ್ತರ ನಂಬಬಹುದು. ಕೂಲೆಂಟ್ ಆ ನಳಿಕೆಗೆ ಏರಬಾರದು, ಸ್ವಲ್ಪ ಕೆಳಗೆ ಇಳಿಸಿಕೊಂಡಿರಿ.

ಹೊಸಚಾಲಕ

ಅಣ್ಣಂದಿರೇ, ಸೋರಿಕೆ ನಿಲ್ಲಿಸುವ ಪುಡಿ, ದ್ರವ ಬಾಟಲಿಯಲ್ಲಿ ಸಿಗುತ್ತದಲ್ಲ, ಅದನ್ನು ಹಾಕಿ ಒಂದಷ್ಟು ದಿನ ದೂಡಿದರೆ ಆಗುವುದಿಲ್ಲವಾ?

ಹಸಿರುದೀಪ

ದಯವಿಟ್ಟು ಹಾಕಬೇಡಿ. ಅದಕ್ಕೆ ತೂತು ಯಾವುದು, ದಾರಿ ಯಾವುದು ಎಂದು ಗೊತ್ತಾಗುವುದಿಲ್ಲ. ಹೀಟರ್ ಕೋರ್, ಹಳೇ ರೇಡಿಯೇಟರ್‌ನ ಸಣ್ಣ ಟ್ಯೂಬ್, ಆಯಿಲ್ ಕೂಲರ್ ಇವೆಲ್ಲ ಮೊದಲೇ ಅರ್ಧ ಕಟ್ಟಿಕೊಂಡಿರುತ್ತವೆ. ಪುಡಿ ಹೋಗಿ ಅಲ್ಲೇ ಕೂರುತ್ತದೆ. ಕಾಡಿನ ನಡುವೆ ರೇಡಿಯೇಟರ್‌ನಲ್ಲಿ ಪಿನ್ನಿನಷ್ಟು ತೂತು ಬಿದ್ದು ಮನೆ ಸೇರಬೇಕಾದಾಗ ಬೇರೆ ಮಾತು. ಕಂಪ್ರೆಸರ್ ಗ್ಯಾಸ್ಕೆಟ್‌ನಲ್ಲಿ 8 ಬಾರ್ ನುಗ್ಗುವ ಜಾಗದಲ್ಲಿ ಅದು ನಿಲ್ಲುವುದೂ ಇಲ್ಲ.

ಆರುಚಕ್ರ

ಟೆಸ್ಟ್ ಮಾಡಿದೆ. ಬರೆದಷ್ಟೂ ಓದಿ, ಸ್ವಲ್ಪ ಉದ್ದ ಇದೆ.

ಮೊದಲು ಪ್ರೆಶರ್ ಟೆಸ್ಟ್. ಮುಚ್ಚಳದ ಮೇಲೆ ಇದ್ದಷ್ಟೇ ಕೊಟ್ಟೆ. ಮುಳ್ಳು ನಿಧಾನವಾಗಿ ಇಳಿಯಿತು. ಟಾರ್ಚ್ ಹಿಡಿದು ನೋಡಿದರೆ ಮೇಲಿನ ಹೋಸ್‌ನ ಇಂಜಿನ್ ಕಡೆ ಕ್ಲಿಪ್ ಅಡಿಯಲ್ಲಿ ಒಂದು ಹನಿ ಕಟ್ಟಿಕೊಂಡಿತ್ತು. ಬೀಳುತ್ತಿರಲಿಲ್ಲ, ಬ್ಲಾಕ್ ಮೇಲೆ ಸುಮ್ನೆ ಹರಡುತ್ತಿತ್ತು. ಅಲ್ಲೆಲ್ಲ ಬಿಳಿ ಪುಡಿ. ಹೋಸ್ ತೆಗೆದು ನೋಡಿದಾಗ ಹೌಸಿಂಗ್ ಬಾಯಿಯ ಅಲ್ಯೂಮಿನಿಯಂ ತಿಂದು ಹೋಗಿ ಗುಳಿ ಬಿದ್ದಿತ್ತು. ಉಜ್ಜಿ ನಯ ಮಾಡಿ, ಹೊಸ ಹೋಸ್, ಹೊಸ ಕ್ಲಿಪ್ ಹಾಕಿದೆ. ಮತ್ತೆ ಪಂಪ್ ಮಾಡಿದೆ. ಹೊರಗೆ ಎಲ್ಲೂ ಒದ್ದೆ ಇಲ್ಲ, ಆದರೂ ಮುಳ್ಳು ಇಳಿಯಿತು. ಮೊದಲಿಗಿಂತ ನಿಧಾನ, ಅಷ್ಟೇ.

ಆಮೇಲೆ ಗುಳ್ಳೆ ಟೆಸ್ಟ್. ತಮ್ಮ ಕ್ಯಾಬಿನ್‌ನಲ್ಲಿ ಕೂತು ಗೇಜ್ ಕೂಗಿ ಹೇಳುತ್ತಿದ್ದ. ಏರ್ ಏರುತ್ತಿರುವಷ್ಟು ಹೊತ್ತೂ ಗುಳ್ಳೆ ಒಂದರ ಹಿಂದೆ ಒಂದು ಬಂತು, ಏರ್ ಜಾಸ್ತಿ ಆದಂತೆ ಗುಳ್ಳೆಯೂ ಜೋರಾಯಿತು. ‘ಪುಸ್’ ಎಂದು ಗವರ್ನರ್ ಕಟ್ ಆಯಿತು. ಕಣ್ಣೆದುರೇ ಗುಳ್ಳೆ ನಿಂತಿತು. ಬ್ರೇಕ್ ಒತ್ತಿಸಿ ಏರ್ ಇಳಿಸಿದರೆ ಮತ್ತೆ ಶುರು. ಏರ್ ಟ್ಯಾಂಕ್ ಕಾಕ್ ತೆಗೆದಾಗ ಬಟ್ಟೆಗೆ ಹಸಿರು ಬಣ್ಣ ಹತ್ತಿತು. ನಾನು ಹಾಕುವ ಕೂಲೆಂಟ್ ಹಸಿರು.

ಟಾಪ್‌ಗೇರ್

ಇಷ್ಟು ಸ್ಪಷ್ಟವಾಗಿ ಗೊತ್ತಾದ ಮೇಲೆ ಹೆಡ್ ಮಾತು ಬಿಡೋಣ. ಹೆಡ್ ಇಳಿಸಿ ಕೂರಿಸಿದ್ದರೂ ಗುಳ್ಳೆ ಹಾಗೇ ಇರುತ್ತಿತ್ತು. ಇದನ್ನು ಇಲ್ಲಿ ಬರೆದಿದ್ದಕ್ಕೆ ಗಾಳಿಬ್ರೇಕ್ ಅವರಿಗೆ ಥ್ಯಾಂಕ್ಸ್.

ಗಾಳಿಬ್ರೇಕ್

ಸಂತೋಷ. ಆದರೆ ಗಾಡಿ ಈಗ ರಸ್ತೆಗೆ ಇಳಿಸಬೇಡಿ ಆರುಚಕ್ರ ಅವರೇ. ಈವರೆಗೆ ಇದು ಕೂಲೆಂಟ್ ಸಮಸ್ಯೆ ಆಗಿತ್ತು. ಟ್ಯಾಂಕ್‌ನಲ್ಲಿ ಹಸಿರು ಕಂಡ ಮೇಲೆ ಇದು ಬ್ರೇಕ್ ಸಮಸ್ಯೆ. ಕೂಲೆಂಟ್‌ನಲ್ಲಿರುವ ಗ್ಲೈಕಾಲ್ ಮತ್ತು ಅದರ ಜೊತೆಗಿನ ಕೆಸರು ಬ್ರೇಕ್ ವಾಲ್ವ್‌ಗಳ ಒಳಗೆ ಅಂಟಂಟಾಗಿ ಕೂರುತ್ತದೆ, ವಾಲ್ವ್ ಅಂಟಿಕೊಳ್ಳುತ್ತದೆ. ಲೋಡ್ ಗಾಡಿ ಇಳಿಜಾರಿನಲ್ಲಿ ಇದ್ದಾಗ ಆಗಬಾರದ ಕೆಲಸ ಅದು.

ಕಂಪ್ರೆಸರ್ ಹೆಡ್ ತೆಗೆದಾಗ ಬರೀ ಗ್ಯಾಸ್ಕೆಟ್ ಬದಲಾಯಿಸಿ ಮುಚ್ಚಬೇಡಿ. ಹೆಡ್ ಮೇಲೆ ಸ್ಟೀಲ್ ಪಟ್ಟಿ ಇಟ್ಟು ಸಮ ಇದೆಯಾ ನೋಡಿ. ನೀರಿನ ದಾರಿಗೂ ವಾಲ್ವ್ ಸೀಟ್‌ಗೂ ನಡುವಿನ ತೆಳು ಗೋಡೆಯಲ್ಲಿ ಕ್ರ್ಯಾಕ್ ಹುಡುಕಿ. ಕಂಪ್ರೆಸರ್‌ನಿಂದ ಟ್ಯಾಂಕ್ ಕಡೆ ಹೋಗುವ ಪೈಪ್ ಬಿಚ್ಚಿ ಒಳಗೆ ಬೆರಳು ಹಾಕಿ ನೋಡಿ. ಕಾರ್ಬನ್ ಕಟ್ಟಿಕೊಂಡು ದಾರಿ ಸಣ್ಣದಾಗಿದ್ದರೆ ಕಂಪ್ರೆಸರ್ ಹೆಡ್ ಮಿತಿ ಮೀರಿ ಕಾಯುತ್ತದೆ. ಅದನ್ನು ಹಾಗೇ ಬಿಟ್ಟರೆ ಹೊಸ ಗ್ಯಾಸ್ಕೆಟ್ಟೂ ಸುಡುತ್ತದೆ.

ಬ್ರೇಕ್ ಗಾಳಿಯ ತೇವ ಹೀರುವ ಡ್ರೈಯರ್ ಇದ್ದರೆ ಅದರ ಕಾರ್ಟ್ರಿಡ್ಜ್ ಬದಲಾಯಿಸಿ, ಕೂಲೆಂಟ್ ಕುಡಿದ ಕಾರ್ಟ್ರಿಡ್ಜ್ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಎಲ್ಲ ಟ್ಯಾಂಕ್ ಖಾಲಿ ಮಾಡಿ ಸ್ವಚ್ಛ ಮಾಡಿ. ವಾಲ್ವ್‌ಗಳನ್ನು ಬ್ರೇಕ್ ಕೆಲಸ ಗೊತ್ತಿರುವವರ ಕೈಯಲ್ಲಿ ಬಿಚ್ಚಿಸಿ ನೋಡಿಸಿ.

ದೂರದಾರಿ

ನಾನು ಸುಮ್ನೆ ಓದುತ್ತಿದ್ದೆ. ನನ್ನ ಗಾಡಿಯೂ ಹಳೇದು, ನೀರು ಕಮ್ಮಿ ಆಗುತ್ತದೆ, ಗುಳ್ಳೆ ಮಾತ್ರ ಬರುವುದಿಲ್ಲ. ಹೊರಗೆ ಎಲ್ಲೂ ಸೋರುತ್ತಿಲ್ಲ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಸ್ವಲ್ಪ ಏರಿದ ಹಾಗೆ ಕಾಣುತ್ತದೆ. ಬಣ್ಣ ಬದಲಾಗಿಲ್ಲ. ಇದೂ ಕಂಪ್ರೆಸರ್ರಾ?

ಸ್ಪ್ಯಾನರ್14

ಆಯಿಲ್ ಏರುತ್ತಿದೆ ಅಂದರೆ ನೀರು ಸಂಪ್‌ಗೆ ಇಳಿಯುತ್ತಿರಬಹುದು. ಡೀಸೆಲ್ ಇಳಿದರೂ ಆಯಿಲ್ ಏರುತ್ತದೆ, ಆದರೆ ನಿಮ್ಮಲ್ಲಿ ನೀರೂ ಕಮ್ಮಿ ಆಗುತ್ತಿದೆ. ಕಂಡುಹಿಡಿಯಲು ಹಳೇ ವಿಧಾನ ಇದೆ. ಗಾಡಿ ರಾತ್ರಿಯಿಡೀ ನಿಲ್ಲಲಿ. ಬೆಳಗ್ಗೆ ಸ್ಟಾರ್ಟ್ ಮಾಡದೆ ಸಂಪ್ ಡ್ರೈನ್ ನಟ್ಟನ್ನು ಪೂರ್ತಿ ತೆಗೆಯದೆ ಸಡಿಲ ಮಾಡಿ, ಕೆಳಗೆ ಪಾರದರ್ಶಕ ಡಬ್ಬ ಹಿಡಿಯಿರಿ. ಕೂಲೆಂಟ್ ಆಯಿಲ್‌ಗಿಂತ ಭಾರ, ತಳಕ್ಕೆ ಇಳಿದಿರುತ್ತದೆ. ಆಯಿಲ್‌ಗಿಂತ ಮೊದಲು ಅದೇ ಬರುತ್ತದೆ. ಆಯಿಲ್ ಹಾಲಿನಂತೆ ಆಗುವುದು ಅದು ನೀರಿನ ಜೊತೆ ಚೆನ್ನಾಗಿ ಕಲಸಿಕೊಂಡಾಗ ಮಾತ್ರ. ಬಣ್ಣ ಸರಿ ಇದೆ ಎಂದು ಸಮಾಧಾನ ಪಡಬೇಡಿ.

ನೀರು ಬಂದರೆ ಆ ಇಂಜಿನ್ ಮತ್ತೆ ಸ್ಟಾರ್ಟ್ ಮಾಡಬೇಡಿ, ಬೇರಿಂಗ್ ಹೋಗುತ್ತದೆ. ಗೇರ್‌ನಿಂದ ಓಡುವ ಕಂಪ್ರೆಸರ್ ಇದ್ದರೆ ಅದರಿಂದಲೂ ನೀರು ಸಂಪ್‌ಗೆ ಇಳಿಯಬಹುದು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ವೆಟ್ ಲೈನರ್ ಇಂಜಿನ್ ಆದರೆ, ಅಂದರೆ ಪಿಸ್ಟನ್ ಓಡುವ ಕೊಳವೆಯ (ಲೈನರ್) ಹೊರಮೈಗೆ ಕೂಲೆಂಟ್ ನೇರ ತಾಗುವ ಇಂಜಿನ್ ಆದರೆ, ಲೈನರ್ ಕೆಳಗಿನ ಓ ರಿಂಗ್ (ರಬ್ಬರ್ ಉಂಗುರದ ಸೀಲ್) ಮೇಲೆ ನನಗೆ ಅನುಮಾನ ಜಾಸ್ತಿ. ಸಂಪ್ ಇಳಿಸಿ, ರೇಡಿಯೇಟರ್‌ಗೆ ಟೆಸ್ಟರ್ ಕೂರಿಸಿ ಪ್ರೆಶರ್ ಕೊಟ್ಟು, ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿ. ಒಣ ಕಾಗದ ಹಾಸಿದರೆ ಯಾವ ಲೈನರ್ ಕೆಳಗೆ ಹನಿ ಬೀಳುತ್ತದೆ ಎಂದು ಗೊತ್ತಾಗುತ್ತದೆ.

ಲೈನರ್ ಹೊರತೆಗೆದರೆ ಅದರ ಹೊರಮೈ ಗಮನಿಸಿ. ಒಂದು ಬದಿಯಲ್ಲಿ ಮಾತ್ರ ಸೂಜಿ ಚುಚ್ಚಿದ ಹಾಗೆ ಸಾಲು ತೂತು ಇದ್ದರೆ ಅದು ಓ ರಿಂಗ್ ಕಥೆ ಅಲ್ಲ. ಪಿಸ್ಟನ್ ಬಡಿತಕ್ಕೆ ಲೈನರ್ ಕಂಪಿಸುತ್ತದೆ. ಆಗ ಕೂಲೆಂಟ್‌ನಲ್ಲಿ ಸಣ್ಣ ಆವಿ ಗುಳ್ಳೆಗಳು ಹುಟ್ಟಿ, ಲೈನರ್ ಮೈಮೇಲೆಯೇ ಒಡೆದು, ಕಬ್ಬಿಣವನ್ನು ಕೊರೆಯುತ್ತವೆ. ಬರೀ ನೀರು ಹಾಕಿ ಓಡಿಸಿದ ಗಾಡಿಗಳಲ್ಲಿ ಇದು ಬೇಗ ಬರುತ್ತದೆ. ಹೆವಿ ಡೀಸೆಲ್‌ಗೆ ಎಂದೇ ಮಾಡಿದ ಕೂಲೆಂಟ್‌ನಲ್ಲಿ ನೈಟ್ರೈಟ್ ಥರದ ಸೇರ್ಪಡೆ ಇರುತ್ತದೆ, ಅದು ಲೈನರ್ ಮೇಲೆ ತೆಳುವಾದ ಪದರ ಕಟ್ಟಿ ಕಾಪಾಡುತ್ತದೆ. ಕಾಲ ಕಳೆದಂತೆ ಅದು ಖರ್ಚಾಗುತ್ತದೆ. ಅದ್ದಿ ನೋಡುವ ಕಾಗದದ ಪಟ್ಟಿ ಸಿಗುತ್ತವೆ, ಆಗಾಗ ನೋಡುತ್ತಿರಿ.

ಹೊಸಚಾಲಕ

ರಾತ್ರಿ ನೀರು ಸಿಲಿಂಡರ್ ಒಳಗೇ ಇಳಿದರೆ?

ಸ್ಪ್ಯಾನರ್14

ಅದು ಎಲ್ಲಕ್ಕಿಂತ ಅಪಾಯ. ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ. ಸೆಲ್ಫ್ ಹೊಡೆದಾಗ ಇಂಜಿನ್ ಗಕ್ಕನೆ ನಿಂತರೆ ಮತ್ತೆ ಮತ್ತೆ ಹೊಡೆಯಬೇಡಿ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಜೆಕ್ಟರ್ ತೆಗೆದು, ಆ ತೂತುಗಳಿಂದ ದೂರ ನಿಂತು, ಇಂಜಿನ್ ಕೈಯಲ್ಲಿ ತಿರುಗಿಸಿ ನೀರು ಹೊರಗೆ ಹಾಕಿಸಬೇಕು.

ಆರುಚಕ್ರ

ಕೆಲಸ ಮುಗಿಯಿತು. ಗ್ಯಾಸ್ಕೆಟ್ ನೀರಿನ ತೂತಿನಿಂದ ಸಿಲಿಂಡರ್ ಅಂಚಿನವರೆಗೆ ಸುಟ್ಟು ಕಪ್ಪಾಗಿತ್ತು, ಅಗಲ ಹೆಚ್ಚೆಂದರೆ ಬೆಂಕಿಕಡ್ಡಿಯಷ್ಟು. ಹೆಡ್ ಸಮ ಇದೆ, ಕ್ರ್ಯಾಕ್ ಇಲ್ಲ. ಹೊರಗೆ ಹೋಗುವ ಪೈಪ್‌ನ ಮೊದಲ ಬಾಗಿನಲ್ಲಿ ಕಾರ್ಬನ್ ಗಟ್ಟಿಯಾಗಿ ಕೂತಿತ್ತು, ಪೈಪೇ ಬದಲಾಯಿಸಿದೆ. ಡ್ರೈಯರ್ ಕಾರ್ಟ್ರಿಡ್ಜ್ ಹೊಸದು. ಬ್ರೇಕ್ ವಾಲ್ವ್‌ಗಳನ್ನು ಬಿಚ್ಚಿಸಿ ತೊಳೆಸಿದೆ, ಎರಡರ ಒಳಗೆ ಹಸಿರು ಅಂಟು ಇತ್ತು. ರಬ್ಬರ್ ಕಿಟ್ ಹಾಕಿಸಿದೆ.

ಈಗ ಕೂಲೆಂಟ್ ತುಂಬಿಸಬೇಕು. ಏನಾದರೂ ಜಾಗ್ರತೆ ಇದೆಯಾ?

ಹಸಿರುದೀಪ

ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ನೀರು. ಬೆರೆಸಿಯೇ ಬಂದಿರುವ ಕೂಲೆಂಟ್ ಆದರೆ ನೀರು ಸೇರಿಸಬೇಡಿ. ಹಳೇದು ಯಾವ ಜಾತಿಯದ್ದೋ ಅದನ್ನೇ ಹಾಕಿ, ಬಣ್ಣ ನೋಡಿ ಕೊಳ್ಳಬೇಡಿ, ಡಬ್ಬದ ಮೇಲಿನ ಸ್ಪೆಸಿಫಿಕೇಷನ್ ಓದಿ. ಕ್ಯಾಬಿನ್ ಹೀಟರ್ ವಾಲ್ವ್ ತೆರೆದಿಡಿ, ಬ್ಲೀಡ್ ಸ್ಕ್ರೂ ಇದ್ದರೆ ಸಡಿಲ ಮಾಡಿ, ನಿಧಾನವಾಗಿ ಸುರಿಯಿರಿ. ಥರ್ಮೋಸ್ಟ್ಯಾಟ್ (ಇಂಜಿನ್ ಬಿಸಿಯಾದಾಗ ರೇಡಿಯೇಟರ್‌ಗೆ ನೀರಿನ ದಾರಿ ಬಿಡುವ ವಾಲ್ವ್) ತೆರೆಯುವವರೆಗೆ ಓಡಿಸಿ. ಅದು ತೆರೆದಾಗ ಮಟ್ಟ ಇಳಿಯುತ್ತದೆ. ಬಿಸಿ ಇರುವಾಗ ಮುಚ್ಚಳ ತಿರುಗಿಸಬೇಡಿ, ಪೂರ್ತಿ ತಣ್ಣಗಾಗಲು ಬಿಟ್ಟು ಆಮೇಲೆ ಮತ್ತೆ ತುಂಬಿಸಿ.

ತೆಗೆದ ಹಳೇ ಕೂಲೆಂಟ್ ನೆಲಕ್ಕೆ, ಚರಂಡಿಗೆ ಸುರಿಯಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿ ಸಾಯುತ್ತವೆ. ಮುಚ್ಚಳ ಇರುವ ಡಬ್ಬದಲ್ಲಿ ತುಂಬಿ, ಒಳಗೆ ಏನಿದೆ ಎಂದು ಬರೆದು, ಹಳೇ ಆಯಿಲ್ ತೆಗೆದುಕೊಳ್ಳುವವರು ಇದನ್ನೂ ತೆಗೆದುಕೊಳ್ಳುತ್ತಾರಾ ಕೇಳಿ ಕೊಡಿ.

ಗಾಳಿಬ್ರೇಕ್

ಲೋಡ್ ಹಾಕುವ ಮುಂಚೆ ಇನ್ನೊಮ್ಮೆ ಅದೇ ಎರಡು ಟೆಸ್ಟ್ ಮಾಡಿ: ತಣ್ಣಗಿದ್ದಾಗ ಪ್ರೆಶರ್, ಆಮೇಲೆ ಏರ್ ಏರುವಾಗ ಗುಳ್ಳೆ. ಮೊದಮೊದಲು ಒಂದೆರಡು ಗುಳ್ಳೆ ಬಂದರೆ ಗಾಬರಿ ಬೇಡ, ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಅದು. ಕಟ್ ಆಗುವುದಕ್ಕೂ ಗುಳ್ಳೆಗೂ ಸಂಬಂಧ ಕಾಣಬಾರದು, ಅಷ್ಟೇ. ಕೆಲವು ವಾರ ಏರ್ ಟ್ಯಾಂಕ್ ದಿನಾ ಡ್ರೈನ್ ಮಾಡಿ ಬಣ್ಣ ನೋಡುತ್ತಿರಿ.

ಆರುಚಕ್ರ

ಎರಡೂ ಮಾಡಿದೆ. ಪ್ರೆಶರ್ ಮುಳ್ಳು ಇಟ್ಟಲ್ಲೇ ನಿಂತಿತು. ಏರ್ ಪೂರ್ತಿ ಏರಿ ಕಟ್ ಆಗುವವರೆಗೂ ಗುಳ್ಳೆ ಇಲ್ಲ. ಖಾಲಿ ಗಾಡಿ ಓಡಿಸಿ ಬಂದೆ, ಬಾಟಲಿಯಲ್ಲಿ ಕೂಲೆಂಟ್ ಗೆರೆಗೆ ಸರಿಯಾಗಿದೆ, ಏರ್ ಟ್ಯಾಂಕ್‌ನಿಂದ ಬರೀ ನೀರು ಬಂತು. ನಾಳೆ ಲೋಡ್ ಹಾಕುತ್ತೇನೆ. ದೂರದಾರಿ ಅವರೇ, ನಿಮ್ಮ ಸಂಪ್‌ನಲ್ಲಿ ಏನು ಸಿಕ್ಕಿತು ಇಲ್ಲೇ ಬರೆಯಿರಿ. ಟೆಸ್ಟರ್ ಹೇಗೆ ಕೂರಿಸುವುದು ಎಂದು ಬೇಕಿದ್ದರೆ ನಾನು ಹೇಳುತ್ತೇನೆ.